ಎಡಗೈಯವನ ಕೋವಿ

ಕೊಡಗಿನಲ್ಲಿ ಭತ್ತದ ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಮೊದಲಲ್ಲಿ, ಕೈಲ್ ಪೊಳ್ದ್ ಹಬ್ಬ ಬರುತ್ತದೆ. ಆ ದಿನ ಮನೆಮನೆಯಲ್ಲಿಯೂ ಕೋವಿ ಕತ್ತಿಗಳನ್ನು ಒರಸಿ ಸಾಲಾಗಿ ಇರಿಸಿ, ಕೋವಿಗೆ ತೋಕ್ ಪೂವಿನಿಂದ ಅಲಂಕಾರ ಮಾಡಿ ಪೂಜಿಸುತ್ತಾರೆ. ‘ತೋಕ್’ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ಪೂಜೆ, ಊಟಗಳು ಮುಗಿದ ಬಳಿಕ ಊರ ಮೈದಾನದಲ್ಲಿ ಜನ ಸೇರಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ನಡೆಸುವುದುಂಟು.

ಅಂತಹ ಒಂದು ಪಂದ್ಯವನ್ನು ನಾವು ನೋಡುತ್ತ ನಿಂತಿದ್ದೆವು. ಮರವು ಸುಮಾರು 30 ಮೀಟರ್ ದೂರದಲ್ಲಿದ್ದಿತು. ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ತರುಣನು ತನ್ನ ಅಜ್ಜನ ಕಾಲದ ಜೋಡುನಳಿಕೆಯ ಕೋವಿಯನ್ನು ಬಲಭುಜಕ್ಕೆ ಆನಿಸಿ ಮೂರು ಈಡು ಹೊಡೆದನು. ಮೂರೂ ತಪ್ಪಿದವು. ಅವನ ಸೋದರಮಾವನು ನಕ್ಕು, “ಇವನಿಗೆ ಕೈ ನಡುಗುತ್ತದೆ. ಪುಸ್ತಕ ಹಿಡಿದ ಕೈ ಅಲ್ಲವೆ!” ಎಂದನು. ಸುತ್ತಲಿದ್ದವರೂ ನಕ್ಕರು. ತರುಣನು ತಲೆ ತಗ್ಗಿಸಿ ಕೋವಿಯನ್ನು ಹಿಂದಕ್ಕೆ ಕೊಟ್ಟನು. ಇನ್ನು ಈ ಪಂದ್ಯದ ಸಹವಾಸವೇ ಬೇಡವೆಂದು ಅವನು ನಿಶ್ಚಯಿಸಿದಂತೆ ತೋರಿತು.

ಆದರೆ ನಮ್ಮ ಗಮನವನ್ನು ಸೆಳೆದದ್ದು ಬೇರೊಂದು ಸಂಗತಿ. ಮೂರು ಸಲವೂ ಎಲೆಗಳು ಉದುರಿದುದು ಕಾಯಿಯ ಎಡಗಡೆಯಿಂದಲೇ. ಅದೂ ಹೆಚ್ಚುಕಡಿಮೆ ಒಂದು ಆಳುದ್ದದಷ್ಟು ದೂರದಿಂದ. ಕೈ ನಡುಗುವವನ ಗುಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಮೇಲಕ್ಕೆ ಹೋಗಬೇಕು. ವಿಜ್ಞಾನದಲ್ಲಿ ತಪ್ಪುಗಳು ಎರಡು ಬಗೆ: ಗೊತ್ತುಗುರಿಯಿಲ್ಲದೆ ಚದರುವ ತಪ್ಪು ಒಂದು, ಪ್ರತಿ ಸಲವೂ ಒಂದೇ ಕಡೆಗೆ ವಾಲುವ ತಪ್ಪು ಇನ್ನೊಂದು. ಮೊದಲನೆಯದಕ್ಕೆ ಅಭ್ಯಾಸವೇ ಮದ್ದು. ಎರಡನೆಯದಕ್ಕೆ ಎಷ್ಟು ಅಭ್ಯಾಸ ಮಾಡಿದರೂ ಗುಣವಿಲ್ಲ. ಅದರ ಕಾರಣವನ್ನೇ ಹುಡುಕಬೇಕು.

ಪಂದ್ಯದ ಪುಸ್ತಕದಲ್ಲಿ ಆ ತರುಣನು ರುಜು ಹಾಕಿದಾಗ ಕಾರಣದ ಒಂದು ಎಳೆ ನಮಗೆ ಸಿಕ್ಕಿತು. ಅವನು ಲೇಖನಿಯನ್ನು ಹಿಡಿದುದು ಎಡಗೈಯಲ್ಲಿ.

ಎಡಗೈ, ಬಲಗೈ

ಹತ್ತು ಮಂದಿಯಲ್ಲಿ ಸುಮಾರು ಒಬ್ಬನು ಎಡಗೈಯವನು. ಮಿಕ್ಕ ಒಂಬತ್ತು ಮಂದಿಗೆ ಅನುಕೂಲವಾಗುವಂತೆ ಲೋಕದ ಸಾಮಾನುಗಳೆಲ್ಲ ನಿರ್ಮಾಣವಾಗಿವೆ. ಕತ್ತರಿ, ಕುಡುಗೋಲು, ಕಾಲೇಜಿನ ಕುರ್ಚಿಗೆ ಅಂಟಿಸಿದ ಬರೆಯುವ ಹಲಗೆ, ಎಲ್ಲವೂ ಬಲಗೈಯವರಿಗಾಗಿಯೇ. ಊಟದ ಪಂಕ್ತಿಯಲ್ಲಿ ಎಡಗೈ ನೀಡಿದ ಮಗುವಿನ ಕೈಗೆ ಅಜ್ಜಿಯು ಮೆಲ್ಲನೆ ಹೊಡೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೂ ನಮ್ಮ ಪುರಾಣಗಳು ಈ ವಿಷಯದಲ್ಲಿ ಉದಾರವಾಗಿವೆ. ಅರ್ಜುನನಿಗೆ ಸವ್ಯಸಾಚಿ ಎಂಬ ಬಿರುದು ಬಂದುದು ಅವನು ಎಡಗೈಯಿಂದಲೂ ಬಾಣ ಬಿಡಬಲ್ಲವನಾಗಿದ್ದುದರಿಂದ. ‘ಸವ್ಯ’ ಎಂದರೆ ಎಡ.

ಕತ್ತರಿ ಕೈಗೆ ಹೊಂದದಿದ್ದರೆ ಬಟ್ಟೆ ಸೊಟ್ಟಗಾದೀತು, ಅಷ್ಟೆ. ಕೋವಿಯ ವಿಷಯ ಹಾಗಲ್ಲ. ಅದು ಕೈ, ಭುಜ, ಕೆನ್ನೆ, ಕಣ್ಣು ನಾಲ್ಕನ್ನೂ ಒಮ್ಮೆಗೇ ಕೆಲಸಕ್ಕೆ ಹಚ್ಚುವ ಯಂತ್ರ. ಆದುದರಿಂದ ಎಡಗೈಯವನು ಕೋವಿ ಹಿಡಿಯುವಾಗ ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆ ಕೈಯನ್ನು ಕುರಿತದ್ದಲ್ಲ, ಕಣ್ಣನ್ನು ಕುರಿತದ್ದು.

ಕಣ್ಣುಗಳಲ್ಲಿಯೂ ಒಂದು ಯಜಮಾನ

ನಮಗೆ ಎರಡು ಕಣ್ಣುಗಳಿದ್ದರೂ ಗುರಿ ಇಡುವ ಕಾರ್ಯದಲ್ಲಿ ಮಿದುಳು ಒಂದು ಕಣ್ಣಿನ ಸಾಕ್ಷ್ಯವನ್ನೇ ಹೆಚ್ಚಾಗಿ ನಂಬುತ್ತದೆ. ಇದನ್ನು ಪ್ರಧಾನ ನೇತ್ರವೆಂದು ಕರೆಯಬಹುದು. ಇಟಲಿಯ ಜಾಂಬತ್ತಿಸ್ತ ದೆಲ್ಲ ಪೋರ್ತ ಎಂಬ ಪಂಡಿತನು ಬೆಳಕಿನ ವಕ್ರೀಭವನವನ್ನು ಕುರಿತು 1593ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಈ ಸಂಗತಿಯನ್ನು ವಿವರಿಸಿದ್ದಾನೆ. ಪ್ರಧಾನ ನೇತ್ರವೇ ಹೆಚ್ಚು ತೀಕ್ಷ್ಣವಾದ ಕಣ್ಣಾಗಿರಬೇಕೆಂಬ ನಿಯಮವಿಲ್ಲ. ಇನ್ನೊಂದು ಕಣ್ಣಿನ ದೃಷ್ಟಿ ಅದಕ್ಕಿಂತ ಚೆನ್ನಾಗಿಯೂ ಇರಬಹುದು.

ವಾಚಕರು ಈ ಪರೀಕ್ಷೆಯನ್ನು ಈಗಲೇ ಮಾಡಿ ನೋಡಬಹುದು. ಇದಕ್ಕೆ ಕೋವಿ ಬೇಡ. ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಸಣ್ಣ ತ್ರಿಕೋನಾಕಾರದ ಕಿಂಡಿಯಾಗುವಂತೆ ಅಂಗೈಗಳನ್ನು ಕೂಡಿಸಿರಿ. ಎರಡು ಕಣ್ಣುಗಳನ್ನೂ ತೆರೆದಿಟ್ಟು, ದೂರದ ಗೋಡೆಯ ಗಡಿಯಾರವನ್ನೋ ಕಿಟಕಿಯ ಚಿಲಕವನ್ನೋ ಆ ಕಿಂಡಿಯೊಳಗಿಂದ ನೋಡಿರಿ. ಈಗ ಎಡಗಣ್ಣನ್ನು ಮುಚ್ಚಿರಿ. ಗಡಿಯಾರವು ಕಿಂಡಿಯಲ್ಲಿಯೇ ಉಳಿದರೆ ನಿಮ್ಮ ಪ್ರಧಾನ ನೇತ್ರ ಬಲಗಣ್ಣು. ಅದು ಕಿಂಡಿಯಿಂದ ಮಾಯವಾದರೆ ಎಡಗಣ್ಣು. ಮೂರು ನಾಲ್ಕು ಬಾರಿ ಪರೀಕ್ಷಿಸಿ ಒಂದೇ ಉತ್ತರ ಬರುವುದೋ ಎಂದು ನೋಡಬೇಕು. ಉತ್ತರ ಬದಲಾಗುತ್ತಿದ್ದರೆ ಯಾವ ಕಣ್ಣೂ ಪೂರ್ಣ ಯಜಮಾನನಲ್ಲವೆಂದು ತಿಳಿಯಬೇಕು. ಅಂತಹವರೂ ಉಂಟು.

ಬಲಗೈಯವರಿಗೆಲ್ಲ ಬಲಗಣ್ಣೇ ಪ್ರಧಾನ, ಎಡಗೈಯವರಿಗೆಲ್ಲ ಎಡಗಣ್ಣೇ ಪ್ರಧಾನ ಎಂದು ಊಹಿಸುವುದು ಸಹಜ. ಅದು ನಿಜವಲ್ಲ. 50 ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆಯ ಪ್ರಕಾರ, ಬಲಗೈಯವರಲ್ಲಿ ಸುಮಾರು ಮೂರನೆಯ ಒಂದು ಪಾಲಿನವರಿಗೆ ಎಡಗಣ್ಣು ಪ್ರಧಾನ. ಎಡಗೈಯವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ, ಎಂದರೆ ನೂರಕ್ಕೆ 57ರಷ್ಟು ಜನರಿಗೆ, ಎಡಗಣ್ಣು ಪ್ರಧಾನ. ಆದುದರಿಂದ ಎಡಗೈಯವರಲ್ಲಿ ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವವರ ಸಂಖ್ಯೆ ಬಹಳ. ಪರೀಕ್ಷೆಯಿಲ್ಲದೆ ಯಾರಿಗೂ ಯಾವ ಭುಜವನ್ನೂ ವಿಧಿಸಬಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗಣಿತವು ಹೇಳುವುದೇನು?

ರೈಫಲಿನಲ್ಲಿ ಗುರಿ ನೋಡಲು ಹಿಂದೊಂದು ಮುಂದೊಂದು ಎರಡು ಗುರುತುಗಳಿರುತ್ತವೆ. ಚರೆಯ ಕೋವಿಯಲ್ಲಿ ಸಾಮಾನ್ಯವಾಗಿ ನಳಿಕೆಯ ತುದಿಯಲ್ಲಿ ಒಂದು ಸಣ್ಣ ಮಣಿ ಮಾತ್ರ ಇರುತ್ತದೆ. ಹಾಗಾದರೆ ಹಿಂದಿನ ಗುರುತು ಯಾವುದು? ಹೊಡೆಯುವವನ ಕಣ್ಣೇ ಅದು! ಕಣ್ಣು ನಳಿಕೆಯ ನೇರದಲ್ಲಿದ್ದರೆ ಕೋವಿಯು ನೋಡಿದ ಕಡೆಗೆ ಹೊಡೆಯುತ್ತದೆ. ಕಣ್ಣು ಪಕ್ಕಕ್ಕೆ ಸರಿದರೆ ಹಿಂದಿನ ಗುರುತೇ ಸರಿದಂತೆ.

ಕೋವಿಯನ್ನು ಬಲಭುಜಕ್ಕೆ ಆನಿಸಿದವನ ಬಲಗಣ್ಣು ನಳಿಕೆಯ ನೇರಕ್ಕೆ ಬರುತ್ತದೆ. ಆದರೆ ಅವನ ಪ್ರಧಾನ ನೇತ್ರವು ಎಡಗಣ್ಣಾಗಿದ್ದು, ಎರಡು ಕಣ್ಣುಗಳೂ ತೆರೆದಿದ್ದರೆ, ಮಿದುಳು ಎಡಗಣ್ಣಿನಿಂದ ಮಣಿಗೆ, ಮಣಿಯಿಂದ ಗುರಿಗೆ ಗೆರೆ ಎಳೆಯುತ್ತದೆ. ನಮ್ಮ ಎರಡು ಕಣ್ಣುಪಾಪೆಗಳ ನಡುವಣ ದೂರ ಸುಮಾರು 6.3 ಸೆಂಟಿಮೀಟರ್. ಕಣ್ಣಿನಿಂದ ಮಣಿಗೆ ಇರುವ ದೂರ ಸುಮಾರು 95 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಕಣ್ಣಿನ ಗೆರೆಯೂ ನಳಿಕೆಯ ಗೆರೆಯೂ ಮಣಿಯ ಬಳಿ ಒಂದನ್ನೊಂದು ದಾಟಿ, ಮುಂದೆ ಎರಡು ಸಮರೂಪ ತ್ರಿಕೋನಗಳ ನಿಯಮದಂತೆ ಅಗಲುತ್ತ ಹೋಗುತ್ತವೆ. 30 ಮೀಟರ್ ದೂರದಲ್ಲಿ ಅವುಗಳ ಅಂತರ ಎಷ್ಟು? 6.3ನ್ನು 95ರಿಂದ ಭಾಗಿಸಿ 30ರಿಂದ ಗುಣಿಸಿದರೆ 1.99 ಬರುತ್ತದೆ. ಎಂದರೆ ಗುಂಡು ಗುರಿಯಿಂದ ಬಹುಮಟ್ಟಿಗೆ 2 ಮೀಟರ್ ಎಡಕ್ಕೆ ಹೋಗುತ್ತದೆ!

ಚರೆಗಳು ಹರಡುತ್ತವೆಯಲ್ಲ, ಆ ಹರವು ಈ ತಪ್ಪನ್ನು ಮರೆಮಾಡದೆ ಎಂದು ಕೆಲವರು ಕೇಳಬಹುದು. 30 ಮೀಟರಿನಲ್ಲಿ ಸಾಮಾನ್ಯ ಕೋವಿಯ ಚರೆಗಳು ಹೆಚ್ಚುಕಡಿಮೆ ಒಂದು ಮೀಟರ್ ಅಗಲಕ್ಕೆ ಹರಡುತ್ತವೆ. ಎಂದರೆ ನಡುವಿನಿಂದ ಅರ್ಧ ಮೀಟರ್ ಮಾತ್ರ. 2 ಮೀಟರಿನ ತಪ್ಪನ್ನು ಅದು ಮುಚ್ಚಲಾರದು. ಆ ತರುಣನು ಕಾಯಿಯನ್ನು ನೋಡಿಯೇ ಹೊಡೆದಿದ್ದನು, ಅವನ ಕೈಯೂ ನಡುಗಿರಲಿಲ್ಲ. ಎಡಗಣ್ಣಿನವನಿಗೆ ಬಲಭುಜವನ್ನು ಕಲಿಸಿದ್ದೇ ತಪ್ಪಿನ ಮೂಲ. ಎಡಗೈಯವನ ಬಲಗಣ್ಣು ಪ್ರಧಾನವಾಗಿದ್ದು, ಅವನು ಎಡಭುಜದಿಂದ ಹೊಡೆದರೆ ಇದೇ ತಪ್ಪು ಬಲಕ್ಕೆ ಆಗುತ್ತದೆ.

ಕಣ್ಣು ಭುಜಗಳು ಬೇರೆಯಾದವರು ಏನು ಮಾಡಬೇಕು? ಹೊಸದಾಗಿ ಕಲಿಯುವವರು ಕಣ್ಣಿದ್ದ ಕಡೆಗೇ ಕೋವಿಯನ್ನು ಬದಲಿಸುವುದು ಉತ್ತಮ. ಭುಜವು ಹೊಸ ಪಾಠವನ್ನು ಕಲಿಯುತ್ತದೆ, ಆದರೆ ಮಿದುಳು ತಾನು ನಂಬಿದ ಕಣ್ಣನ್ನು ಸುಲಭವಾಗಿ ಬಿಡದು. ಭುಜವನ್ನು ಬದಲಿಸಲಾಗದವರು ಗುಂಡು ಹಾರಿಸುವ ಮುನ್ನ ಪ್ರಧಾನ ನೇತ್ರವನ್ನು ಮುಚ್ಚಬಹುದು, ಅಥವಾ ರಕ್ಷಣೆಯ ಕನ್ನಡಕದಲ್ಲಿ ಆ ಕಣ್ಣಿನ ಮುಂದೆ ಮಬ್ಬಾದ ಅಂಟುಪಟ್ಟಿಯ ಒಂದು ತುಂಡನ್ನು ಹಚ್ಚಬಹುದು. ಪಟ್ಟಿಯು ಮಣಿಯನ್ನು ಮಾತ್ರ ಮರೆಮಾಡಿ, ಅಕ್ಕಪಕ್ಕದ ನೋಟವನ್ನು ಉಳಿಸುತ್ತದೆ. ಒಂದು ಕಣ್ಣನ್ನು ಪೂರ್ತಿ ಮುಚ್ಚಿದರೆ ನೋಟದ ಅಗಲವೂ, ದೂರವನ್ನು ಅಳೆಯುವ ಶಕ್ತಿಯೂ ಕುಗ್ಗುತ್ತವೆ.

ಬುಡದ ಬಾಗು

ಮಾರನೆಯ ದಿನ ಆ ಮನೆಯವರ ತೋಟದಲ್ಲಿ, ಹಿಂದೆ ಎತ್ತರದ ಮಣ್ಣಿನ ದಿಬ್ಬವಿರುವ ಜಾಗದಲ್ಲಿ ಬಿಳಿಯ ಬಟ್ಟೆಯೊಂದನ್ನು ಕಟ್ಟಿ, ನಡುವೆ ಕಪ್ಪು ಗುರುತು ಮಾಡಿದೆವು. ಸೋದರಮಾವನೂ ಬಂದಿದ್ದನು. ಕಣ್ಣಿನ ಪರೀಕ್ಷೆಯಲ್ಲಿ ತರುಣನಿಗೆ ಎಡಗಣ್ಣೇ ಪ್ರಧಾನವೆಂದು ತಿಳಿದುಬಂದಿತ್ತು. ಅವನು ಜೀವಮಾನದಲ್ಲಿ ಮೊದಲ ಬಾರಿಗೆ ಕೋವಿಯನ್ನು ಎಡಭುಜಕ್ಕೆ ಆನಿಸಿ, ಅದೇ 30 ಮೀಟರಿನಿಂದ ಹೊಡೆದನು. ಚರೆಗಳು ಬಟ್ಟೆಯ ಮೇಲೆ ಬಿದ್ದವು. 2 ಮೀಟರಿನ ತಪ್ಪು ಮಾಯವಾಗಿತ್ತು. ಆದರೆ ಚರೆಗಳ ನಡುಭಾಗವು ಗುರುತಿನಿಂದ ಒಂದು ಗೇಣಿಗಿಂತ ತುಸು ಹೆಚ್ಚು, ಸುಮಾರು 30 ಸೆಂಟಿಮೀಟರ್, ಬಲಕ್ಕೆ ಇದ್ದಿತು. ಎರಡನೆಯ ಈಡೂ ಹಾಗೆಯೇ. ಇಲ್ಲಿ ಇನ್ನೊಂದು ನಿಯಮಬದ್ಧ ತಪ್ಪು ಅಡಗಿತ್ತು.

ಹಳೆಯ ಕೋವಿಯನ್ನು ಮೇಲಿನಿಂದ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ನಳಿಕೆಯ ಗೆರೆಯನ್ನು ಹಿಂದಕ್ಕೆ ಎಳೆದಂತೆ ಊಹಿಸಿಕೊಂಡರೆ, ಸ್ಟಾಕ್ ಎಂಬ ಮರದ ಬುಡವು ಆ ಗೆರೆಯ ಮೇಲೆ ನೇರವಾಗಿರದೆ ಕೆಲವು ಮಿಲಿಮೀಟರ್ ಬಲಕ್ಕೆ ಬಾಗಿರುತ್ತದೆ. ಇದು ಬಡಗಿಯ ತಪ್ಪಲ್ಲ. ಬಲಭುಜದಿಂದ ಹೊಡೆಯುವವನು ಬುಡದ ಎಡಮಗ್ಗುಲಿಗೆ ಕೆನ್ನೆಯನ್ನು ಒತ್ತುತ್ತಾನೆ. ಕೆನ್ನೆಗೆ ದಪ್ಪವಿದೆ, ಬುಡವು ನೇರವಾಗಿದ್ದರೆ ಕಣ್ಣು ನಳಿಕೆಯ ಎಡಕ್ಕೇ ನಿಂತುಬಿಡುತ್ತದೆ. ಬುಡವನ್ನು ಸ್ವಲ್ಪ ಬಲಕ್ಕೆ ಬಾಗಿಸಿದರೆ ಕಣ್ಣು ಸರಿಯಾಗಿ ನಳಿಕೆಯ ಮೇಲೆ ಬರುತ್ತದೆ.

ಎಡಭುಜದವನಿಗೆ ಈ ಉಪಕಾರವೇ ಅಪಕಾರವಾಗುತ್ತದೆ. ಅವನ ಕೆನ್ನೆ ಒತ್ತುವುದು ಬುಡದ ಬಲಮಗ್ಗುಲಿಗೆ. ಬಲಕ್ಕೆ ಬಾಗಿದ ಬುಡವು ಅವನ ಮುಖವನ್ನು ಇನ್ನಷ್ಟು ಬಲಕ್ಕೆ ತಳ್ಳುತ್ತದೆ. ಅವನ ಎಡಗಣ್ಣು ನಳಿಕೆಯ ಗೆರೆಯಿಂದ 1 ಸೆಂಟಿಮೀಟರ್ ಬಲಕ್ಕೆ ನಿಂತಿತೆನ್ನೋಣ. ಹಿಂದಿನ ಲೆಕ್ಕವನ್ನೇ ಮಾಡಿದರೆ, 1ನ್ನು 95ರಿಂದ ಭಾಗಿಸಿ 30 ಮೀಟರಿನಿಂದ ಗುಣಿಸಿದಾಗ ಸುಮಾರು 32 ಸೆಂಟಿಮೀಟರ್ ಬರುತ್ತದೆ. ಗುಂಡು ಅಷ್ಟು ಬಲಕ್ಕೆ ಹೋಗುತ್ತದೆ. ಬಟ್ಟೆಯ ಮೇಲೆ ನಾವು ಕಂಡುದೂ ಅದನ್ನೇ.

ಕೋವಿ ಮಾಡುವವರು ಇದನ್ನು ಅಳೆಯಲು ಒಂದು ಸುಂದರವಾದ ಉಪಾಯವನ್ನು ಬಳಸುತ್ತಾರೆ. ಕಣ್ಣಿನಿಂದ ಮಣಿಗೆ ಹೆಚ್ಚುಕಡಿಮೆ ಒಂದು ಗಜ. ಹೊಡೆಯುವವನನ್ನು ಗುರಿಹಲಗೆಯಿಂದ 16 ಗಜ ದೂರದಲ್ಲಿ ನಿಲ್ಲಿಸಿದರೆ, ಹಲಗೆಯ ಮೇಲೆ ಒಂದು ಅಂಗುಲ ತಪ್ಪು ಕಂಡಾಗ ಬುಡದಲ್ಲಿ ಅಂಗುಲದ 16ನೆಯ ಒಂದು ಪಾಲು ತಿದ್ದಬೇಕೆಂದು ಗೊತ್ತಾಗುತ್ತದೆ. ಸಮರೂಪ ತ್ರಿಕೋನಗಳ ಪಾಠವು ಪರೀಕ್ಷೆಗೆ ಮಾತ್ರವೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಎಡಗೈಯವರಿಗಾಗಿ ಮಾಡಿದ ಕೋವಿಯ ಬುಡವು ಎಡಕ್ಕೆ ಬಾಗಿರುತ್ತದೆ. ಬುಡವು ನೇರವಾಗಿರುವ ಕೋವಿಗಳೂ ಉಂಟು. ಅವು ಎರಡು ಕೈಯವರಿಗೂ ತಕ್ಕಮಟ್ಟಿಗೆ ಒದಗುತ್ತವೆ. ಹಳೆಯ ಬುಡವನ್ನು ತಿದ್ದಲೂ ಬಹುದು. ಮರದ ನಾರುಗಳನ್ನು ಬಂಧಿಸುವ ಲಿಗ್ನಿನ್ ಎಂಬ ವಸ್ತುವು ಶಾಖಕ್ಕೆ ಮೆದುವಾಗುತ್ತದೆ. ನುರಿತ ಕಸುಬುದಾರರು ಬುಡದ ಕತ್ತಿನ ಭಾಗಕ್ಕೆ ಬಿಸಿ ಎಣ್ಣೆಯ ಶಾಖವನ್ನು ಕೊಟ್ಟು, ಮೆಲ್ಲಮೆಲ್ಲನೆ ಒತ್ತಿ ಬಾಗಿಸಿ, ತಣ್ಣಗಾಗುವ ವರೆಗೆ ಬಿಗಿದಿಡುತ್ತಾರೆ. ಇದು ಮನೆಯಲ್ಲಿ ಮಾಡತಕ್ಕ ಕೆಲಸವಲ್ಲ. ಅವಸರಪಟ್ಟರೆ ಮರ ಸೀಳುತ್ತದೆ.

ಬುಡದ ಉದ್ದವೂ ಮುಖ್ಯ. ಟ್ರಿಗರಿನಿಂದ ಬುಡದ ಹಿಂತುದಿಯ ನಡುವಿಗೆ ಇರುವ ಅಳತೆಯು ವಯಸ್ಕರ ಕೋವಿಗಳಲ್ಲಿ ಸಾಮಾನ್ಯವಾಗಿ 14ರಿಂದ 14½ ಅಂಗುಲ. ಸಣ್ಣ ಮೈಕಟ್ಟಿನವರಿಗೆ ಇದು ಉದ್ದವಾಗಿ, ಕೋವಿಯು ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ.

ಯಾವ ಕೋವಿ ಒಳ್ಳೆಯದು?

ಮೊದಲು ಒಂದು ಮಾತು. ಕೋವಿಯನ್ನು ‘12 ಬೋರು’ ಎನ್ನುವುದೇಕೆ? ಒಂದು ಪೌಂಡ್ ಸೀಸದಿಂದ ಒಂದೇ ಅಳತೆಯ 12 ಉಂಡೆಗಳನ್ನು ಮಾಡಿದರೆ, ಒಂದೊಂದು ಉಂಡೆಯ ವ್ಯಾಸ ಸುಮಾರು 18.5 ಮಿಲಿಮೀಟರ್ ಆಗುತ್ತದೆ. ಅದೇ 12 ಬೋರಿನ ನಳಿಕೆಯ ಒಳವ್ಯಾಸ. 20 ಬೋರಿನದು ಸುಮಾರು 15.6 ಮಿಲಿಮೀಟರ್. ಸಂಖ್ಯೆ ಹೆಚ್ಚಿದಂತೆ ನಳಿಕೆ ಕಿರಿದಾಗುವ ವಿಚಿತ್ರಕ್ಕೆ ಇದೇ ಕಾರಣ.

ಪರವಾನಗಿಯಲ್ಲಿ ‘ಡಿ.ಬಿ.ಬಿ.ಎಲ್.’ ಎಂದು ಬರೆಯಲ್ಪಡುವ ಜೋಡುನಳಿಕೆಯ ಕೋವಿಯು ಎಡಗೈಯವರಿಗೆ ಬಹುಮಟ್ಟಿಗೆ ಸ್ನೇಹಿತನೇ. ಅದು ನಡುವೆ ಮುರಿದಂತೆ ತೆರೆಯುತ್ತದೆ. ಖಾಲಿ ತೋಟಾಗಳು ಹಿಂದಕ್ಕೆ ಬರುತ್ತವೆಯೇ ಹೊರತು ಪಕ್ಕಕ್ಕೆ ಹಾರುವುದಿಲ್ಲ. ಸುರಕ್ಷಾಗುಂಡಿಯು ಸಾಮಾನ್ಯವಾಗಿ ಕತ್ತಿನ ಮೇಲೆ, ನಟ್ಟನಡುವೆ ಇರುವುದರಿಂದ ಯಾವ ಹೆಬ್ಬೆರಳಿಗೂ ಸಿಕ್ಕುತ್ತದೆ. ತೊಡಕುಗಳು ಎರಡು. ಕೋವಿಯನ್ನು ತೆರೆಯುವ ಸನ್ನೆಯನ್ನು ಬಲಕ್ಕೆ ಸರಿಸಬೇಕು. ಇದು ಬಲ ಹೆಬ್ಬೆರಳಿಗೆ ಒಗ್ಗುವಂತೆ ಎಡ ಹೆಬ್ಬೆರಳಿಗೆ ಒಗ್ಗದು. ಎರಡು ಟ್ರಿಗರುಗಳ ಕೋವಿಯಲ್ಲಿ ಮುಂದಿನದು ಬಲನಳಿಕೆಯನ್ನೂ ಹಿಂದಿನದು ಎಡನಳಿಕೆಯನ್ನೂ ಹಾರಿಸುವುದು ವಾಡಿಕೆ. ಟ್ರಿಗರುಗಳ ಓರೆಯೂ ಬಲಗೈಯ ಬೆರಳಿಗೆ ತಕ್ಕಂತಿರುತ್ತದೆ. ಒಂದೇ ಟ್ರಿಗರಿನ ಕೋವಿಯಲ್ಲಿ ಈ ಎರಡನೆಯ ತೊಡಕಿಲ್ಲ. ಒಂದರ ಮೇಲೊಂದು ನಳಿಕೆಯಿರುವ ಕೋವಿಯೂ ಇದೇ ಜಾತಿಯದು. ಹಾರುವ ಮಣ್ಣಿನ ಬಿಲ್ಲೆಗಳಿಗೆ ಹೊಡೆಯುವ ಪಂದ್ಯಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಮುಂಗೈಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ತೋಟಾ ತುಂಬುವ ಪಂಪ್ ಕೋವಿ, ತಾನೇ ತುಂಬಿಕೊಳ್ಳುವ ಅರೆಸ್ವಯಂಚಾಲಿತ ಕೋವಿ, ಇವೆರಡರ ವಿಷಯ ಬೇರೆ. ಇವುಗಳಲ್ಲಿ ಖಾಲಿ ತೋಟಾ ಹೊರಬೀಳುವ ಕಿಂಡಿಯು ಸಾಮಾನ್ಯವಾಗಿ ಬಲಮಗ್ಗುಲಲ್ಲಿರುತ್ತದೆ. ಎಡಭುಜದವನ ಮುಖವು ಅದೇ ಮಗ್ಗುಲಲ್ಲಿರುವುದರಿಂದ ತೋಟಾ ಅವನ ಕಣ್ಣ ಮುಂದೆಯೇ ಹಾರುತ್ತದೆ. ಬಿಸಿ ಅನಿಲವೂ ಮದ್ದಿನ ಕಣಗಳೂ ಮುಖಕ್ಕೆ ತಾಗುವುದುಂಟು. ಅಷ್ಟೇ ಅಲ್ಲ. ಟ್ರಿಗರಿನ ಬಳಿ ಅಡ್ಡಲಾಗಿ ಸರಿಯುವ ಸುರಕ್ಷಾಗುಂಡಿಯನ್ನು ಅನೇಕ ಕೋವಿಗಳಲ್ಲಿ ಬಲಗೈಯ ತೋರುಬೆರಳು ಬಲದಿಂದ ಎಡಕ್ಕೆ ಒತ್ತಿದರೆ ಕೋವಿ ಸಿದ್ಧವಾಗುತ್ತದೆ. ಎಡಗೈಯವನ ತೋರುಬೆರಳಿರುವುದು ಎದುರು ಮಗ್ಗುಲಲ್ಲಿ. ಅವನು ಬೆರಳನ್ನು ಸುತ್ತಿ ತರುವಾಗ ಅದು ಟ್ರಿಗರಿಗೆ ತಾಗುವ ಅಪಾಯವಿದೆ.

ಇದಕ್ಕೆ ಪರಿಹಾರಗಳೂ ಇವೆ. ಕೆಲವು ಕಂಪನಿಗಳು ಕಿಂಡಿಯನ್ನು ಎಡಮಗ್ಗುಲಲ್ಲಿ ಇಟ್ಟು ಎಡಗೈಯವರಿಗಾಗಿಯೇ ಕೋವಿಗಳನ್ನು ಮಾಡಿವೆ. ಅಮೆರಿಕದಲ್ಲಿ 1937ರಲ್ಲಿ ಹೊರಬಂದ ಇಥಾಕಾ 37 ಎಂಬ ಪಂಪ್ ಕೋವಿಯಲ್ಲಿ ತೋಟಾ ಒಳಹೋಗುವುದೂ ಹೊರಬೀಳುವುದೂ ಕೆಳಗಿನ ಒಂದೇ ಕಿಂಡಿಯಿಂದ. ಅದಕ್ಕೆ ಎಡಬಲಗಳ ಭೇದವೇ ಇಲ್ಲ. ಮಾಸ್‌ಬರ್ಗ್ 500 ಎಂಬುದರಲ್ಲಿ ಸುರಕ್ಷಾಗುಂಡಿಯು ಮೇಲೆ ನಡುವೆ ಇದೆ. ಕೆಲವು ಮಾದರಿಗಳಲ್ಲಿ ಅಡ್ಡಗುಂಡಿಯನ್ನು ಕಸುಬುದಾರನು ತಿರುವುಮುರುವು ಮಾಡಿಕೊಡಬಲ್ಲನು.

ಒದೆತ ಮತ್ತು ಸದ್ದು

ಕೋವಿಯು ಏತಕ್ಕೆ ಒದೆಯುತ್ತದೆ? ನ್ಯೂಟನ್ನನ ಮೂರನೆಯ ನಿಯಮವನ್ನು ನೆನೆಯಿರಿ. 28 ಗ್ರಾಂ ಚರೆಯು ಸೆಕೆಂಡಿಗೆ 400 ಮೀಟರ್ ವೇಗದಿಂದ ಮುಂದಕ್ಕೆ ಹೊರಟರೆ, 3.5 ಕಿಲೋಗ್ರಾಂ ಕೋವಿಯು ಸೆಕೆಂಡಿಗೆ 3.2 ಮೀಟರ್ ವೇಗದಿಂದ ಹಿಂದಕ್ಕೆ ಬರುತ್ತದೆ. ಮದ್ದಿನ ಅನಿಲವನ್ನೂ ತೋಟಾದೊಳಗಿನ ಬಿರಡೆಯನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೂ ಸ್ವಲ್ಪ ಹೆಚ್ಚು. ಬುಡವು ಭುಜದ ಗುಳಿಯಲ್ಲಿ ಪೂರ್ತಿ ಕೂತಿದ್ದರೆ ಈ ಪೆಟ್ಟು ಮೈಗೆಲ್ಲ ಹಂಚಿಹೋಗುತ್ತದೆ. ತಪ್ಪು ಕಡೆಗೆ ಬಾಗಿದ ಬುಡವಾದರೋ ಒದೆಯುವಾಗ ಕೆನ್ನೆಯ ಮೂಳೆಗೇ ಬಡಿಯುತ್ತದೆ. ಎಡಗೈಯವನು ಎರಡು ಈಡಿಗೇ ಹೆದರಿ ಕಣ್ಣು ಮುಚ್ಚತೊಡಗಿದರೆ ಅವನನ್ನು ಪುಕ್ಕಲನೆಂದು ಜರೆಯುವ ಮೊದಲು ಬುಡವನ್ನು ನೋಡಬೇಕು. ಹಗುರವಾದ ಕೋವಿ ಹೆಚ್ಚು ಒದೆಯುತ್ತದೆ. ಚರೆಯ ತೂಕ ಕಡಿಮೆಯಾದರೆ ಒದೆತವೂ ಕಡಿಮೆ. ಒಲಿಂಪಿಕ್ ಪಂದ್ಯಗಳ ತೋಟಾದಲ್ಲಿ 24 ಗ್ರಾಂ ಚರೆ ಮಾತ್ರ ಇರುತ್ತದೆ. ಕಲಿಯುವವರಿಗೂ ಅದೇ ಸಾಕು.

ಸದ್ದಿನಲ್ಲಿಯೂ ಎಡಬಲಗಳ ಭೇದವಿದೆ. ಬಲಭುಜದವನ ಎಡಕಿವಿಯು ನಳಿಕೆಯ ಬಾಯಿಗೆ ತಿರುಗಿರುತ್ತದೆ. ಬಲಕಿವಿಯು ತಲೆಯ ಮರೆಯಲ್ಲಿರುತ್ತದೆ. ಆದುದರಿಂದ ಬಲಗೈಯವರಿಗೆ ಎಡಕಿವಿಯೂ ಎಡಗೈಯವರಿಗೆ ಬಲಕಿವಿಯೂ ಹೆಚ್ಚು ಕೆಡುವುದು ಕಂಡುಬಂದಿದೆ. ಕೋವಿಯ ಸದ್ದು 150 ಡೆಸಿಬೆಲ್ಲನ್ನು ಮೀರುತ್ತದೆ. ಕೆಟ್ಟ ಕಿವಿ ಮತ್ತೆ ಸರಿಯಾಗದು. ಎರಡು ಕಿವಿಗಳಿಗೂ ರಕ್ಷಣೆ, ಕಣ್ಣಿಗೆ ಕನ್ನಡಕ, ಇವಿಲ್ಲದೆ ಯಾರೂ ಕೋವಿ ಮುಟ್ಟಬಾರದು.

ನಿಲುವು ಮತ್ತು ಬೀಸು

ಎಡಭುಜದಿಂದ ಹೊಡೆಯುವವನು ಕನ್ನಡಿಯಲ್ಲಿ ಕಂಡ ಬಲಗೈಯವನಂತೆ ನಿಲ್ಲಬೇಕು: ಬಲಗಾಲು ಮುಂದೆ, ಬಲಗೈ ನಳಿಕೆಯ ಕೆಳಗೆ, ಮೈಯ ಭಾರ ತುಸು ಮುಂದಕ್ಕೆ. ತಲೆಯನ್ನು ಕೋವಿಯತ್ತ ಬಗ್ಗಿಸಬಾರದು. ಕೋವಿಯನ್ನೇ ಕೆನ್ನೆಗೆ ತರಬೇಕು.

ಹಾರುವ ಬಿಲ್ಲೆಗೆ ಹೊಡೆಯುವಾಗ ಇನ್ನೊಂದು ಲೆಕ್ಕವಿದೆ. 30 ಮೀಟರ್ ದಾಟಲು ಚರೆಗೆ ಸುಮಾರು ಸೆಕೆಂಡಿನ ಹತ್ತನೆಯ ಒಂದು ಪಾಲು ಬೇಕು. ಅಷ್ಟರಲ್ಲಿ ಸೆಕೆಂಡಿಗೆ 20 ಮೀಟರ್ ವೇಗದಿಂದ ಅಡ್ಡಲಾಗಿ ಹಾರುವ ಬಿಲ್ಲೆಯು 2 ಮೀಟರ್ ಮುಂದೆ ಹೋಗಿರುತ್ತದೆ. ಆದುದರಿಂದ ಕೋವಿಯನ್ನು ಬಿಲ್ಲೆಯೊಡನೆ ಬೀಸುತ್ತ, ಅದನ್ನು ದಾಟಿಸಿ, ಬೀಸನ್ನು ನಿಲ್ಲಿಸದೆ ಹೊಡೆಯಬೇಕು. ಬಲಗೈಯವನಿಗೆ ಎಡದಿಂದ ಬಲಕ್ಕೆ ಬೀಸುವುದು ಹೆಚ್ಚು ಕಷ್ಟ, ಏಕೆಂದರೆ ಆಗ ಬುಡವು ಕೆನ್ನೆಯಿಂದ ದೂರ ಸರಿಯುತ್ತದೆ. ಎಡಗೈಯವನಿಗೆ ಕಷ್ಟವಾಗುವುದು ಬಲದಿಂದ ಎಡಕ್ಕೆ. ಬಲಗೈಯ ಗುರುವು ತನ್ನ ಕಷ್ಟವನ್ನೇ ಶಿಷ್ಯನ ಕಷ್ಟವೆಂದು ತಿಳಿದು ಪಾಠ ಹೇಳಬಾರದು.

ಈ ಆಟವು ನಮ್ಮ ದೇಶಕ್ಕೆ ಹೊಸದಲ್ಲ. ಬಿಕಾನೇರಿನ ಮಹಾರಾಜ ಕರ್ಣಿಸಿಂಗರು 1962ರಲ್ಲಿ ಕೈರೋ ನಗರದ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕವನ್ನು ಗಳಿಸಿದರು. 2004ರಲ್ಲಿ ಅಥೆನ್ಸಿನ ಒಲಿಂಪಿಕ್ ಕ್ರೀಡೆಗಳಲ್ಲಿ ರಾಜ್ಯವರ್ಧನಸಿಂಗ್ ರಾಠೋಡರು ಡಬಲ್ ಟ್ರ್ಯಾಪ್ ಎಂಬ ಪಂದ್ಯದಲ್ಲಿ ಬೆಳ್ಳಿಯ ಪದಕವನ್ನು ತಂದರು.

ಕೋವಿಯ ಸ್ಥಾನ ಈಗ ಪಂದ್ಯದ ಮೈದಾನವೇ ಹೊರತು ಕಾಡಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಕೋವಿ ಇಟ್ಟುಕೊಳ್ಳಲು 1959ರ ಶಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಮಾತ್ರ ಈ ವಿಷಯದಲ್ಲಿ ವಿಶೇಷ ವಿನಾಯಿತಿ ಉಂಟು. ವಿನಾಯಿತಿ ಕಾಗದಕ್ಕೆ, ಎಚ್ಚರಿಕೆಗಲ್ಲ. ಪ್ರತಿಯೊಂದು ಕೋವಿಯನ್ನೂ ತುಂಬಿದ ಕೋವಿಯೆಂದೇ ಭಾವಿಸಬೇಕು. ಅದರ ಬಾಯಿಯನ್ನು ಯಾರ ಕಡೆಗೂ ತಿರುಗಿಸಬಾರದು. ಹೊಡೆಯುವ ಕ್ಷಣದ ವರೆಗೆ ಬೆರಳು ಟ್ರಿಗರಿನಿಂದ ಹೊರಗಿರಬೇಕು. ಎಡಗೈಯವರಿಗೂ ಬಲಗೈಯವರಿಗೂ ಇದು ಒಂದೇ ನಿಯಮ.

ಇನ್ನು ಆ ತರುಣನ ಸಂಗತಿ. ಅಜ್ಜನ ಕೋವಿಯ ಬುಡವನ್ನು ಕಸುಬುದಾರನೊಬ್ಬನು ಎಡಕ್ಕೆ ಬಾಗಿಸಿಕೊಟ್ಟನು. ಮರುವರ್ಷದ ಹಬ್ಬದಲ್ಲಿ ಅವನ ಮೊದಲನೆಯ ಈಡು ಕಾಯಿಯ ಕೆಳಗೆ ಹೋಯಿತು. ಇದು ಅಭ್ಯಾಸದಿಂದ ಗುಣವಾಗತಕ್ಕ ತಪ್ಪು. ಎರಡನೆಯ ಈಡಿಗೆ ಕಾಯಿ ಒಡೆದು ನೀರು ಚಿಮ್ಮಿತು. ಬಹುಮಾನವೇನೋ ಬೇರೆಯವರ ಪಾಲಾಯಿತು. ಆದರೆ ಸೋದರಮಾವನು ಎಲ್ಲರ ಮುಂದೆ ಅವನ ಬಳಿಗೆ ಬಂದು, “ಕೈ ನಡುಗಿದ್ದಲ್ಲ ಮಗೂ, ನಾವು ಕಲಿಸಿದ್ದೇ ತಪ್ಪು” ಎಂದನು. ಅನಂತರ ತನ್ನ ಎರಡು ಕೈಗಳನ್ನೂ ಚಾಚಿ, ಬೆರಳುಗಳ ನಡುವೆ ತ್ರಿಕೋನದ ಕಿಂಡಿ ಮಾಡಿ, ಮರದ ತುದಿಯನ್ನು ನೋಡತೊಡಗಿದನು.